ಒಳಗಿನ ನೀರು, ಹೊರಗಿನ ಗಾಳಿ

ಮೂರು ತಿಂಗಳ ಕೂಸಿನ ಕೆನ್ನೆಗೆ ಮುತ್ತಿಟ್ಟು ನಮ್ಮವ್ವ ಹೇಳಿದ್ದಳು,
ತುಟಿಯೆಲ್ಲ ಉಪ್ಪಾಗುತ್ತೆ ಕಣೋ ನಿಂಗರಾಜ.
ದೃಷ್ಟಿ ಅಂದಳು.
ಅದಕ್ಕೂ ಉಪ್ಪನ್ನೇ ನಿವಾಳಿಸಿದಳು.

ಕಾಯಿಲೆಗೆ ಹೆಸರು ಸಿಗಲು ಆರು ವರ್ಷ,
ಬೆವರು ಅಳೆಯುವ ಒಂದು ಪರೀಕ್ಷೆ.
ಅಲ್ಲಿಯವರೆಗೆ ಟಿ.ಬಿ. ಎಂದು ನುಂಗಿಸಿದ ಮಾತ್ರೆಗಳ ಲೆಕ್ಕ ಬೇರೆ.
ಸಿಸ್ಟಿಕ್ ಫೈಬ್ರೋಸಿಸ್.
ನನ್ನ ನಾಲಿಗೆಗೆ ಇವತ್ತಿಗೂ ಹೊಂದದ ಮಾತು.
ಅಂಟುಕಫ ಅನ್ನುತ್ತೇನೆ, ಮೇದಿನಿ ನಗುತ್ತಾಳೆ,
ನಕ್ಕರೆ ಕೆಮ್ಮು.

ನಿಮ್ಮಲ್ಲಿ ಅರ್ಧ ಇತ್ತು, ನಿಮ್ಮ ಹೆಂಡತಿಯಲ್ಲಿ ಅರ್ಧ,
ಅಂದಿದ್ದರು ಡಾಕ್ಟರು.
ಓದದ ಕರಾರಿಗೆ ಇಬ್ಬರೂ ರುಜು ಹಾಕಿದ್ದೆವು.

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದು ರೇಡಿಯೇಟರ್ ಅಂಗಡಿ.
ಶಿರಾಡಿ ಹತ್ತಿ ಕುದಿದು ಬಂದ ಲಾರಿ, ಆಲೂಗಡ್ಡೆ ಹೇರುವ ಟೆಂಪೋ,
ಕಟ್ಟಿಕೊಂಡ ನಾಳ ಬಿಡಿಸುವುದು, ಬೆಸುಗೆ ಹಾಕುವುದು,
ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೋ ನೋಡುವುದು.
ನನಗೆ ಗೊತ್ತಿದ್ದ ವೈದ್ಯ ಇಷ್ಟೇ.

ಬೆನ್ನು ತಟ್ಟಲು ಕಲಿಸಿದವಳು ಫಿಸಿಯೋ ಹುಡುಗಿ:
ರೊಟ್ಟಿ ತಟ್ಟಿದ ಹಾಗಲ್ಲ ಅಣ್ಣ, ಅಂಗೈ ಗುಳಿ ಮಾಡಿ,
ಟೊಳ್ಳು ಸದ್ದು ಬರಬೇಕು, ಜಟಕಾ ಕುದುರೆ ನಡೆದಂತೆ.
ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು.
ದಿಂಬಿನ ಮೇಲೆ ಬೋರಲು ಮಲಗಿ ಮಗ್ಗಿ ಹೇಳುತ್ತಿದ್ದಳು,
ಆಮೇಲೆ ಮೂಲವಸ್ತುಗಳ ಪಟ್ಟಿ,
ಈಗ ಸುಮ್ಮನೆ ಫೋನು ನೋಡುತ್ತಾಳೆ.
ಹದಿಮೂರು ವರ್ಷ.
ಮೈಯಿಂದ ಉಪ್ಪು ಸೋರಿಹೋಗುವ ಮಗಳಿಗೆ
ಉಪ್ಪುನೀರನ್ನೇ ಆವಿ ಮಾಡಿ ಎಳೆಸುತ್ತೇವೆ.
ಇದರ ನ್ಯಾಯ ನನಗಿನ್ನೂ ತಿಳಿದಿಲ್ಲ.

ಹೋದ ಕಾರ್ತಿಕದಲ್ಲಿ ತೋಳಿಗೆ ಸಣ್ಣ ಕೊಳವೆ ತೂರಿಸಿ
ಹದಿನಾಲ್ಕು ದಿನ ಔಷಧಿ ಹರಿಸಿದರು.
ಮನೆಗೆ ಬಂದ ಮೂರನೇ ರಾತ್ರಿ ತೋಳು ಊದಿತ್ತು,
ಪಕ್ಕೆಯಲ್ಲಿ ಚುಚ್ಚುತ್ತೆ ಅಂದಳು.
ಕಫವೇ ಇರಬೇಕೆಂದು ತಟ್ಟಿದೆ.
ಇನ್ನೂ ಜೋರಾಗಿ ತಟ್ಟಿದೆ.
ತುಟಿ ನೀಲಿಯಾಯಿತು.
ಅಪ್ಪಾ, ಇದು ಅದಲ್ಲ.

ರಕ್ತ ಹೆಪ್ಪುಗಟ್ಟಿದೆ ಅಂದರು ಡಾಕ್ಟರ್ ವೈಜಯಂತಿ,
ನಡುರಾತ್ರಿಯ ಜಿಲ್ಲಾಸ್ಪತ್ರೆಯಲ್ಲಿ.
ಹೆಪ್ಪು ಅಂದರೆ ಅವ್ವ ಮುಚ್ಚಿಟ್ಟ ಹಾಲು ಅಂತಷ್ಟೇ ಬಲ್ಲವನು ನಾನು.
ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆಯುವ ಕೊಂಬೆ,
ಕವಲಿನಲ್ಲಿ ಹುರುಳಿಕಾಳಷ್ಟು ಕಪ್ಪು.
ಕೇಳಿದೆ: ಮೇಡಂ, ಕೂತಿರೋದು ಗಾಳಿ ಆಡೋ ಕಡೆಯೋ,
ನೀರು ಹರಿಯೋ ನಾಳದಲ್ಲೋ?
ಬರೆಯುತ್ತಿದ್ದ ಪೆನ್ನು ನಿಂತಿತು.
ಇಷ್ಟು ವರ್ಷ ಗಾಳಿ ಕಡೆ, ಅಂದರು. ಇವತ್ತು ನೀರಿನ ಕಡೆ.
ತೋಳಲ್ಲಿ ಕಟ್ಟಿದ್ದು ಕಳಚಿ ಬಂದು ಇಲ್ಲಿ ಸಿಕ್ಕಿಕೊಂಡಿದೆ.

ರೇಡಿಯೇಟರಿನಲ್ಲಿ ಒಳಗೆ ನೀರು, ಹೊರಗೆ ಗಾಳಿ,
ನಡುವೆ ಒಂದು ತೆಳು ತಗಡು.
ಒಂದನ್ನೊಂದು ಮುಟ್ಟದೆ ಕೊಟ್ಟು ತಗೊಳ್ಳಬೇಕು.
ಎದೆಯಲ್ಲಿ ಇದೇ, ಬರೀ ತಿರುಗುಮುರುಗು:
ಗಾಳಿ ಒಳಗೆ, ರಕ್ತ ಸುತ್ತಲೂ.
ಹದಿಮೂರು ವರ್ಷ ಗೊತ್ತಾಗದ್ದು ಆ ಬೆಂಚಿನ ಮೇಲೆ ಗೊತ್ತಾಯಿತು,
ಗೊತ್ತಾಗಿ ಏನೂ ಆಗಲಿಲ್ಲ.

ರಕ್ತ ತೆಳುವಾಗಲು ಹೊಟ್ಟೆಗೆ ಸೂಜಿ.
ಅವಳ ಕಫದಲ್ಲೋ ಆಗಾಗ ಕೆಂಪು ಗೆರೆ.
ಗಟ್ಟಿಯಾದರೂ ಭಯ, ತೀರ ತೆಳುವಾದರೂ ಭಯ.
ಕೊನೆಗೆ ಒಂದು ಮಾತು:
ನಾನು ಹೇಳೋ ತನಕ ಬೆನ್ನು ತಟ್ಟಬೇಡಿ.

ಆಮೇಲಾಮೇಲೆ ಒಂದು ಪ್ಲಾಸ್ಟಿಕ್ ಪೀಪಿ ಕೊಟ್ಟರು.
ಊದಿದರೆ ಒಳಗಿನ ಉಕ್ಕಿನ ಗುಂಡು ಎದ್ದೆದ್ದು ಕುಣಿಯುತ್ತದೆ,
ಎದೆಯೆಲ್ಲ ನಡುಗುತ್ತದೆ.
ಬೇರಿಂಗ್ ಗುಂಡು ಕಣೇ ಇದು, ನಮ್ಮಂಗಡೀಲಿ ಡಬ್ಬಿಗಟ್ಟಲೆ ಇದೆ, ಅಂದೆ.
ಹಾಗಾದ್ರೆ ನಿನ್ನನ್ನ ಕೆಲಸದಿಂದ ತೆಗೆದೆ, ಅಂದಳು,
ಆಮ್ಲಜನಕದ ನಳಿಕೆ ಸರಿಮಾಡಿಕೊಳ್ಳುತ್ತ.

ಬೆಳಿಗ್ಗೆ ಆರು.
ಹೇಳದೆಯೇ ಎರಡೂ ಅಂಗೈ ಗುಳಿ ಬೀಳುತ್ತವೆ.
ವಾರ್ಡಿನ ಮೂಲೆಯ ನಲ್ಲಿ ತಿರುಗಿಸಿ
ಬೊಗಸೆ ಒಡ್ಡಿ ನಿಂತೆ,
ಬಾಯಾರಿಕೆ ಏನೂ ಇರಲಿಲ್ಲ.