ಹನ್ನೊಂದು ಸೆಂಟಿಮೀಟರ್

ಚೆಂಬು ಗ್ರಾಮದಲ್ಲಿ ಮೂರನೆಯ ಬೋರು.
ನೀರಿಗಲ್ಲ ಎಂದು ಎಷ್ಟು ಹೇಳಿದರೂ
ಕೊಡ ಹಿಡಿದು ಬಂದವರಿದ್ದಾರೆ.
ಸುರಂಗಕ್ಕೆ, ಎಂದೆ. ಗುಡ್ಡದ ಹೊಟ್ಟೆಯೊಳಗೆ ರೈಲು.
ಕೊಡಗಿಗೆ ರೈಲೇ? ನಕ್ಕರು.
ನಾನೂ ನಕ್ಕೆ. ರೈಲು ತರುವುದು ನನ್ನ ಕೆಲಸವಲ್ಲ,
ನೆಲ ಏನೆಂದು ಬರೆಯುವುದಷ್ಟೆ.

ಸೆಲ್ವರಾಜು ಕೊಳವೆಯಿಂದ ಕಳಚಿ ಕೊಡುತ್ತಾನೆ,
ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತೇನೆ:
ನಾಲ್ಕು ಮೀಟರ್ ಕೆಂಪು ಮಣ್ಣು, ಬೇರಿನ ಎಳೆ ಸಮೇತ.
ಆಮೇಲೆ ಬಿಳಿ ಜೇಡಿ,
ಉಗುರೊತ್ತಿದರೆ ಉಗುರನ್ನು ನೆನಪಿಟ್ಟುಕೊಳ್ಳುವಂಥದು.
ಆಮೇಲೆ, ತಾನು ಕಲ್ಲೆಂಬುದನ್ನು ಮರೆಯುತ್ತಿರುವ ಕಲ್ಲು.
ಹದಿನೇಳರಲ್ಲಿ, ಒಮ್ಮೆಗೇ, ಕರಿ ಬಂಡೆ.
ಡ್ರಿಲ್ಲು ಚೀರಿತು.

ರಾತ್ರಿ ಎರಡೂವರೆಗೆ ನೆಲ ಒಮ್ಮೆ ಮೈ ಕೊಡವಿತು.
ತಗಡು ಗುಡುಗಿತು, ಲೋಟ ಉರುಳಿತು,
ಪೆಟ್ಟಿಗೆಯೊಳಗೆ ಬಂಡೆ ತುಂಡುಗಳು
ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.
ಜೇಡಿಯದು ಸದ್ದೇ ಇಲ್ಲ.
ಬೆಳಿಗ್ಗೆ ನೋಡಿದರೆ ಅದರ ಬೆನ್ನ ಮೇಲೆ
ಕೂದಲೆಳೆಯಷ್ಟು ಬಿರುಕು.
ಸೆಲ್ವರಾಜಿಗೆ ಎಚ್ಚರವೇ ಆಗಿರಲಿಲ್ಲ.

ದೇವಕ್ಕಿ ಬಂದಳು, ಸೊಂಟಕ್ಕೆ ಕೈಯಿಟ್ಟು:
ಮೇಲಿರುವ ನಮಗೇ ಹೀಗೆ, ಒಳಗಿರುವವರ ಗತಿ?

ಬಂದಷ್ಟು ಹೇಳಿದೆ.
ಮನೆಗೆ ತಲೆ ಇದೆ ಅಕ್ಕ. ಬುಡ ಎಳೆದರೆ
ತಲೆ ತಡವಾಗಿ ತೂಗುತ್ತದೆ, ಬೀಳುವುದು ಹಾಗೆ.
ಸುರಂಗಕ್ಕೆ ತನ್ನದೇ ಕುಣಿತವಿಲ್ಲ,
ಸುತ್ತಲಿನದು ಹೋದತ್ತ ಹೋಗುತ್ತದೆ.
ಬಂಡೆಯೊಳಗಾದರೆ ಸಣ್ಣ ನಡುಕ, ಮುಗಿಯಿತು.
ಜೇಡಿಯೊಳಗಾದರೆ ಉದ್ದದ ತೂಗಾಟ,
ಗುಂಡಗಿದ್ದದ್ದು ಮೊಟ್ಟೆಯಾಗಿ ಮತ್ತೆ ಗುಂಡಗಾಗಬೇಕು;
ಗಾಜಿನ ಬಳೆಗೆ ಅದು ಬರುವುದಿಲ್ಲ.
ಕುಶಾಲನಗರದ ಹೊಳೆದಂಡೆಯ ಮರಳಾದರೆ ಬೇರೆಯೇ ಕಥೆ:
ನೀರು ಕುಡಿದ ಮರಳು ಅಲುಗಿದರೆ ಗಂಜಿ.
ಖಾಲಿ ಕೊಳವೆ ಸೋರೆಬುರುಡೆಯಂತೆ ಮೇಲೇಳುತ್ತದೆ,
ಅದನ್ನು ಹಿಡಿದು ಕೂರಿಸಬೇಕು.

ಅದಿರಲಿ, ಮುರಿಯುವುದೆಲ್ಲಿ?

ಇಲ್ಲಿ, ಎಂದು ಹದಿನೇಳರ ಮೇಲೆ ಬೆರಳಿಟ್ಟೆ.
ಗುಡ್ಡದ ಬಾಯಲ್ಲಿ, ಜೇಡಿ ಮುಗಿದು ಬಂಡೆ ಶುರುವಾಗುವಲ್ಲಿ.
ಒಬ್ಬ ನೆಟ್ಟಗೆ ನಿಂತಿದ್ದಾನೆ, ಇನ್ನೊಬ್ಬ ತೂರಾಡುತ್ತಿದ್ದಾನೆ,
ಇಬ್ಬರೂ ನಿನ್ನ ತೋಳು ಹಿಡಿದಿದ್ದಾರೆ.
ಅಲ್ಲಿ ಬಿಗಿದು ಕಟ್ಟಬಾರದು. ಕಡಿದು, ಸಂದು ಬಿಟ್ಟು,
ರಬ್ಬರು ಕೂರಿಸಬೇಕು.

ಬಾಗಿಲಿಗೆ ಬಿಟ್ಟ ಹಾಗೆ, ಎಂದಳು.
ಬೇಸಗೆಯಲ್ಲಿ ಆಚಾರಿ ಎರಡು ನೂಲು ಜಾಗ ಬಿಟ್ಟಿದ್ದ.
ಕೂಲಿ ಹಿಡಿದು ಬೈದಿದ್ದೆ.
ಆಟಿಯಲ್ಲಿ ಮರ ಉಬ್ಬಿ
ಆ ಜಾಗಕ್ಕೆ ತಾನೇ ಬಂದು ಕೂತಿತು.
ಕೂಲಿ ಕೊಡಲು ಹೋದರೆ ಆಚಾರಿ ಊರಲ್ಲಿರಲಿಲ್ಲ.

ಸಂಜೆ ಅಳೆದರೆ, ಹದಿನೇಳು ದಾಟಿದ ಮೇಲೆ
ಹನ್ನೊಂದು ಸೆಂಟಿಮೀಟರ್ ಬಂಡೆ ಇಲ್ಲ.

ದೇವಕ್ಕಿಯ ಜಗಲಿಯಲ್ಲಿ, ಉಪ್ಪುನೀರಿನ ಗಾಜಿನ ಭರಣಿಯೊಳಗೆ,
ಕಣಿಲೆ ಮೇಲೇಳದ ಹಾಗೆ ಒತ್ತಿ ಕೂತಿದೆ,
ಉರುಟು, ನುಣುಪು, ಕರಿ.
ನೋಡಿದೆ. ಕಾಫಿ ಕುಡಿದೆ. ಕೇಳಲಿಲ್ಲ.

ವರದಿಯಲ್ಲಿ ಬರೆದೆ: ಇಷ್ಟು ತುಂಡು ದೊರೆತಿಲ್ಲ.
ಪೆಟ್ಟಿಗೆಯಲ್ಲಿ ಆ ಜಾಗ ಖಾಲಿ ಬಿಟ್ಟೆ.
ಮೇಲಿನವರು ಅದನ್ನು ಬಂಡೆಯ ಸೀಳೆಂದು ಓದಿಕೊಂಡಾರು.
ಓದಿಕೊಳ್ಳಲಿ,
ಇನ್ನೊಂದು ಸಂದು ಹೆಚ್ಚಿಗೆ ಬಿಡುತ್ತಾರೆ.