ಗಾಡಿ ನಿಂತಾಗ

ಗಾಡಿ ಓಡೂತನಕ ಯಾರಿಗೂ ಗೊತ್ತಾಗೂದಿಲ್ಲ.
ಕಿಡಕಿ ನಡಗತಾವು, ಕಂಬಿ ನಡಗತಾವು,
ಮುದುಕನ ತೊಡಿಮ್ಯಾಲಿನ ತತ್ತಿ ಬುಟ್ಟಿ ನಡಗತೈತಿ,
ಆ ಗದ್ದಲದಾಗ ನನ್ನ ಹತ್ತು ಬಟ್ಟು
ಯಾವ ಲೆಕ್ಕ.

ಬಬಲೇಶ್ವರದಾಗ ಗಾಡಿ ನಿಂತರ
ಎಲ್ಲಾ ನಿಂದರತಾವು. ಕೈ ನಿಂದ್ರೂದಿಲ್ಲ.
ಐದರ ಬಿಲ್ಲೆ ಜಾರಿ ಸೀಟಿನ ಬುಡಕ.
"ಯಾಕವಾ, ಥಂಡಿ ಜ್ವರ ಬಂದಾವೇನ?"
ಮೇ ತಿಂಗಳದ ಬಿಸಲಾಗ ಹೂಂ ಅಂತೀನಿ.

ಜ್ವರ ಅಲ್ಲ, ಉಪ್ಪು.
ಕಲ್ಲಿನೊಳಗ ಸಿಗೂ ಒಂದು ನಮೂನಿ ಉಪ್ಪಂತ,
ಮುಂಜಾನಿ ಒಂದು ಗುಳಿಗಿ, ರಾತ್ರಿ ಎರಡು,
ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು,
ಮೈಕೈ ನೋವಂತ ಅಂಗಡಿ ಗುಳಿಗಿ ನುಂಗಬಾರದು.
ಉಪ್ಪು ತಿಂದವರು ನೀರು ಕುಡೀಬೇಕು:
ಗಾದಿಮಾತು ಬಂದು ನನ್ನ ಚೀಟಿಮ್ಯಾಲ ಕುಂತೈತಿ.
ಕುಡಿ ಅಂದ ಡಾಕ್ಟರಿಗೆ ಗೊತ್ತೇನು,
ಗಲಗಲಿ ಸೇತುವೆ ದಾಟೂತನಕ
ಹೆಣ್ಣು ಕಂಡಕ್ಟರಿಗೆ ಒಂದು ಗ್ವಾಡಿ ಮರಿ ಇಲ್ಲಂತ?
ಕೃಷ್ಣಾ ಕಂಡಕೂಡ್ಲೆ ಬಾಯಿ ಇನ್ನಷ್ಟು ಒಣಗತೈತಿ.

ಖಾಕಿ ಅಂಗಿ ಎರಡು ಸಲ ಬಿಚ್ಚಿ ಹೊಲಿಸೀನಿ.
ಹುಸೇನಬಿ ಹೊಲಿಗಿ ಮಷೀನಿನಿಂದ ತಲಿ ಎತ್ತದನ ಅಂದಳು:
"ಒಳಗ ಮಡಚಿದ್ದ ಅರಿವಿ ಇಲ್ಲಿಗೆ ಮುಗೀತು ನೋಡ, ನೀಲಗಂಗಾ."

ಆ ವರ್ಷದ ಸುದ್ದಿ ಯಾರೂ ತೆಗೆಯೂದಿಲ್ಲ.
ಮೂರು ರಾತ್ರಿ ನಿದ್ದಿ ಬೇಕಾಗಿರಲಿಲ್ಲ,
ಸೂರ್ಯಕಾಂತಿ ಹೊಲ ನನ್ನ ಹೆಸರು ಹಿಡದು ಕರೀತಿದ್ವು,
ರೋಲು ಮುಗಿಯೂತನಕ ಟಿಕೇಟು ಹರದು ಹರದು
ಎಲ್ಲಾರ ಕೈಗೂ ಇಟ್ಟೆ: ರೊಕ್ಕ ಬ್ಯಾಡ,
ಇವತ್ತು ಗಾಡಿ ಸಮುದ್ರಕ್ಕ ಹೊಂಟೈತಿ!
ಒಬ್ಬ ಹುಡುಗ ಮಾತ್ರ ಕೇಳಿದ,
"ವಾಪಸ್ ಯಾವಾಗ?"
ರಾಜೇಸಾಬ ಗಾಡಿ ಬದಿಗ್ಹಚ್ಚಿ
ನನ್ನ ಕೈಯಾಗಿನ ಸೀಟಿ ಮೆತ್ತಗ ಇಸಕೊಂಡ.
ಅಷ್ಟ ನೆನಪೈತಿ.

ಈಗ ಸೂರ್ಯಕಾಂತಿ ಬರೇ ಸೂರ್ಯಕಾಂತಿ.
ಕ್ವಿಂಟಲ್‌ಗೆ ಎಷ್ಟಂತ ಹಿಂದಿನ ಸೀಟಿನ್ಯಾಗ ಇಬ್ಬರು.
ಲೆಕ್ಕ ಕೂಡತೈತಿ, ಡಿಪೋದಾಗ ಸಹಿ ಬೀಳತೈತಿ,
ಕೋಳಿ ಕೆದರಿದಂಗ, ಖರೆ, ನನ್ನ ಸಹಿನ ಅದು.
ಗುಳಿಗಿ ಬಿಟ್ಟರ ಸಹಿ ನೆಟ್ಟಗ ಆದೀತು.
ಅದರ ಬೆನ್ನ ಹಿಂದ ಸಮುದ್ರಾನೂ ಬಂದೀತು.

ಜಮಖಂಡಿ. ಎಲ್ಲಾರೂ ಇಳದು ಹೋಗ್ಯಾರ.
ತೊಡಿಮ್ಯಾಲ ಚೀಲ ಸುರುವಿ ಚಿಲ್ಲರ ಎಣಸತೀನಿ.
ಡೀಸೆಲ್ ಸುಡಾಕತ್ತೈತಿ, ಬಂದ್ ಮಾಡೋ ಮಾರಾಯಾ,
ಕಂಟ್ರೋಲರ್ ಹೊರಗಿಂದ ಒದರತಾನ.
ರಾಜೇಸಾಬ ಕಿವುಡನಂಗ ಕುಂತಾನ,
ಎಂಜಿನ್ ಗಡಗಡ, ಕಿಡಕಿ ಗಡಗಡ,
ನನ್ನ ಕಡೀ ಬಿಲ್ಲೆ ಚೀಲದಾಗ ಬೀಳೂತನಕ.