ಕಿವಿಗುರುತು

ಉಲಾನ್‌ಬಾತರಿನಲ್ಲಿ ಮೈನಸ್ ಮೂವತ್ತು.
ಕಲ್ಲಿದ್ದಲ ಹೊಗೆ ಕಿಟಕಿಗೆ ಹಣೆ ಹಚ್ಚಿ ನಿಂತಿದೆ.
ಒಳಗೆ ನಾರ್ಮಂದಾಖ್
ಗಾಜಿನ ಪಟ್ಟಿಯ ಮೇಲೆ ಕೂದಲೆಳೆಗಿಂತ ತೆಳ್ಳಗೆ ಕೊಯ್ದ
ದುಲಮ್‌ಸುರೇನಳ ಯಕೃತ್ತನ್ನು
ಕಣ್ಣು ಕಿರಿದು ಮಾಡಿ ನೋಡುತ್ತಾಳೆ.

ಕಂದು ಬಣ್ಣ ಇರಬೇಕಾದದ್ದು ಅಂಚಿನಲ್ಲಿ.
ಬೀಟಾ ಕ್ಯಾಟೆನಿನ್ ಎಂಬ ಈ ಪ್ರೋಟೀನು
ಸಂಭಾವಿತ;
ಕೋಶಕ್ಕೂ ಕೋಶಕ್ಕೂ ನಡುವಿನ ಬೇಲಿಯಲ್ಲಿ
ಪಕ್ಕದ ಮನೆಯ ಕೈ ಹಿಡಿದು ನಿಲ್ಲುವುದು ಅದರ ಕಸುಬು.
ಹೆಚ್ಚಾದದ್ದಕ್ಕೆ ಗುರುತು ಹಾಕಿ
ದಿನದಿನವೂ ಒಯ್ದು ಕತ್ತರಿಸುವವರಿದ್ದಾರೆ.
ಈಗ ನೋಡಿದರೆ
ನಟ್ಟನಡುವೆ, ನ್ಯೂಕ್ಲಿಯಸ್ಸಿನೊಳಗೆ
ಹಿಂಡುಹಿಂಡಾಗಿ ನುಗ್ಗಿ ಕೂತು
ಒಂದೇ ಮಾತು ಓದಿಸುತ್ತಿದೆ:
ಬೆಳೆ, ಬೆಳೆ, ಬೆಳೆ.

ಹೇಗೆ ಹೇಳುವುದು ಇದನ್ನು
ಇನ್ನೂರ ಹನ್ನೆರಡು ಕುರಿ ಸಾಕಿದವಳಿಗೆ?
ಎಳವೆಯಲ್ಲಿ ಇಡೀ ತರಗತಿಗೆ ಒಂದೇ ಸೂಜಿ ಚುಚ್ಚಿದ್ದರಂತೆ.
ಅಂದು ಹೊಕ್ಕ ವೈರಸ್ಸು, ಅದರ ಬೆನ್ನೇರಿ ಬಂದ ಇನ್ನೊಂದು,
ಐವತ್ತು ವರ್ಷ ಉರಿದು, ಆರಿ, ಮತ್ತೆ ಉರಿದು
ಯಾವುದೋ ಒಂದು ದಿನ
ಒಂದು ಅಕ್ಷರ ತಪ್ಪಿತು. ಅಷ್ಟೇ.
ಗುರುತು ಹಾಕುವ ಜಾಗವೇ ಅಳಿಸಿಹೋಯಿತು.

ವಾರ್ಡಿನಲ್ಲಿ ಮುದುಕಿಯೇ ಸುಲಭ ಮಾಡಿದಳು.
"ಚಳಿಗೆ ಮುಂಚೆ ಕಡಿಯಬೇಕಾದ ಕುರಿಯ
ಕಿವಿಗೆ ನಾವು ಕೆಂಪು ದಾರ ಕಟ್ಟುತ್ತೇವೆ.
ಕಿವಿಯೇ ಇಲ್ಲದ್ದು ಹುಟ್ಟಿದರೆ?"
"ಅದೇ," ಅಂದಳು ನಾರ್ಮಂದಾಖ್.
"ಹಾಗಾದರೆ ತಪ್ಪು ಅದರದ್ದಲ್ಲ.
ಕಡಿಯುವವನಿಗೆ ಕಾಣಲಿಲ್ಲ."

ಅವರ ಮಾತಿನಲ್ಲಿ ನೆಂಟರೆಂದರೆ ಒಂದೇ ಯಕೃತ್ತಿನವರು;
ಕರುಳು ಎಂದು ನಾವು ಎಲ್ಲಿ ಅನ್ನುತ್ತೇವೋ ಅಲ್ಲಿ.
ಗೆಡ್ಡೆಯೂ ನೆಂಟನೇ ಆಯಿತಲ್ಲ ಎಂದು ನಕ್ಕಳು,
ನಗುವಾಗ ಬಲ ಪಕ್ಕೆ ಅದುಮಿಕೊಂಡು.
ನಾರ್ಮಂದಾಖ್ ನಗಲಿಲ್ಲ.

ಮುಕ್ಕಾಲು ಕೊಯ್ದು ತೆಗೆದರೂ
ಮತ್ತೆ ಬೆಳೆದು, ತನ್ನ ಅಳತೆ ತಲುಪಿದೊಡನೆ
ತಾನಾಗಿ ನಿಲ್ಲುವ ಅಂಗ ಅದು.
ನಿಲ್ಲಲು ಅದಕ್ಕೆ ಒಂದು ಪದ ಗೊತ್ತಿತ್ತು: ಸಾಕು.
ಕುರಿಯನ್ನು ಹಾಗೆನ್ನುವಾಗಲೂ
ನಮಗೆ ಅದೇ ಪದ. ಸಾಕು.
ಎಪ್ಪತ್ತು ಚಳಿಗಾಲ ಸಾಕಿದವಳ ಮೈಯಲ್ಲಿ
ಅದೊಂದು ಪದ ಕಾಣೆ.

ಮಗ ತಂದಿಟ್ಟ ಥರ್ಮಾಸ್ ತಿರುಗಿಸಿದಳು ಮುದುಕಿ.
ಉಪ್ಪು ಹಾಕಿದ ಹಾಲಿನ ಚಹಾ, ಮೇಲೆ ಬೆಣ್ಣೆಯ ಕಣ್ಣುಗಳು.
ಸಾಕು, ಸಾಕು ಎಂದಳು ನಾರ್ಮಂದಾಖ್.
ಕೇಳಿಸದವಳ ಹಾಗೆ ಸುರಿಯುತ್ತಲೇ ಹೋದಳು,
ಎರಡೂ ಕೈಯಲ್ಲಿ ಹಿಡಿಯಬೇಕಾಯಿತು
ಬಟ್ಟಲನ್ನು.